ಮೊದಲ ಪ್ರಾಣಿಗಳ ಕಾಲವನ್ನು ದಾರದ ಮೇಲೆ ಗುರುತಿಸುವುದು ಹೇಗೆ?

ಹಾಸನದ ಕಡೆ ಶಾಲಾ ವಿಜ್ಞಾನ ಮೇಳಗಳಿಗೆ ತೀರ್ಪುಗಾರನಾಗಿ ಹೋದಾಗಲೆಲ್ಲ ಒಂದೇ ತಪ್ಪು ಕಣ್ಣಿಗೆ ಬೀಳುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಕಡಲಲ್ಲಿದ್ದ ಟ್ರೈಲೋಬೈಟ್ ಎಂಬ ಪ್ರಾಣಿಯ ಚಿತ್ರದ ಕೆಳಗೆ ‘ಕಾರ್ಬನ್ ಡೇಟಿಂಗ್‌ನಿಂದ ವಯಸ್ಸು ಪತ್ತೆ’ ಎಂದು ಬರೆದಿರುತ್ತಾರೆ. ಆ ವಿಧಾನದಲ್ಲಿ ಅಳೆಯುವ ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, 5,730 ವರ್ಷ. ಸುಮಾರು 50,000 ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ.

ಐದು ಮೀಟರ್ ಗೋಣಿದಾರ, ಬಟ್ಟೆ ಕ್ಲಿಪ್ಪು, ರಟ್ಟಿನ ಚೀಟಿ ತೆಗೆದುಕೊಳ್ಳಿ. ಒಂದು ಸೆಂಟಿಮೀಟರಿಗೆ ಒಂದು ಕೋಟಿ ವರ್ಷ. ಬಲತುದಿ ಇವತ್ತು, ಭೂಮಿ ಹುಟ್ಟಿದ್ದು 454ನೇ ಸೆಂ.ಮೀ.ನಲ್ಲಿ. ಅಚ್ಚಾದ ಹಳೆಯ ಚಾರ್ಟ್ ನೋಡಿ ನಕಲು ಮಾಡಬೇಡಿ. ಅವುಗಳಲ್ಲಿ ಕೇಂಬ್ರಿಯನ್ ಯುಗದ, ಅಂದರೆ ಬಗೆಬಗೆಯ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಂಡ ಕಾಲದ, ಆರಂಭ 57 ಕೋಟಿ ವರ್ಷ ಎಂದಿರುತ್ತದೆ. ಈಗ ಒಪ್ಪಿರುವುದು 53.88 ಕೋಟಿ.

ಮೊದಲ ಚೀಟಿ ನಮ್ಮೂರಿನದೇ ಇರಲಿ. ಗೊರೂರು ಸುತ್ತಿನ ನೈಸ್ ಎಂಬ ಪಟ್ಟೆಪಟ್ಟೆ ಶಿಲೆ ಸುಮಾರು 330 ಕೋಟಿ ವರ್ಷ ಹಳೆಯದು. ಹೊಳೆನರಸೀಪುರದ ಬಂಡೆಯಲ್ಲಿ ಜರೀಗಿಡದಂಥ ಕಪ್ಪು ಗೆರೆ ಕಂಡರೆ ಅದು ಪಳೆಯುಳಿಕೆಯಲ್ಲ, ಬಿರುಕಿನಲ್ಲಿ ಬೆಳೆದ ಮ್ಯಾಂಗನೀಸ್.

ಇನ್ನು ಎಲ್ಲರೂ ಎಡವುವ ಹಂತ. ಇಷ್ಟು ಹಳೆಯ ಪಳೆಯುಳಿಕೆಯ ವಯಸ್ಸನ್ನು ಅದರಿಂದಲೇ ಅಳೆಯುವುದಿಲ್ಲ. ಅದರ ಕೆಳಗೆ ಮತ್ತು ಮೇಲೆ ಬಿದ್ದ ಜ್ವಾಲಾಮುಖಿ ಬೂದಿಯನ್ನು ಅಳೆಯುತ್ತಾರೆ. ಕೆಳಗಿನ ಬೂದಿ ಅಣ್ಣ, ಮೇಲಿನದು ತಮ್ಮ, ಪ್ರಾಣಿ ಇವರಿಬ್ಬರ ನಡುವೆ ಹುಟ್ಟಿದ್ದು. ಬೂದಿಯಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಹರಳುಗಟ್ಟುವಾಗ ಜಿರ್ಕಾನ್ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿಡುತ್ತದೆ. ಹಾಗಾಗಿ ಈಗ ಸಿಗುವ ಸೀಸ ಯುರೇನಿಯಂ ಕ್ಷಯಿಸಿ ಆದದ್ದು. ಗಡಿಯಾರ ಎರಡಿವೆ: ಯುರೇನಿಯಂ-238ರ ಅರ್ಧಾಯುಷ್ಯ 447 ಕೋಟಿ ವರ್ಷ, 235ರದು 70.4 ಕೋಟಿ. ಎರಡೂ ಒಂದೇ ವಯಸ್ಸು ಹೇಳಿದರೆ ಮಾತ್ರ ನಂಬಬೇಕು. ಜ್ವಾಲಾಮುಖಿ ಹಳೆಯ ಬಂಡೆಯ ಹರಳನ್ನೂ ಹೊತ್ತು ತರಬಹುದು, ಆಗ ವಯಸ್ಸು ಹೆಚ್ಚು ಬರುತ್ತದೆ. ಹರಳಿನಿಂದ ಸೀಸ ಸೋರಿದ್ದರೆ ಕಡಿಮೆ ಬರುತ್ತದೆ. ಅದಕ್ಕೇ ಹರಳನ್ನು ಕಾಯಿಸಿ, ಹಾಳಾದ ಭಾಗವನ್ನು ಆಮ್ಲದಲ್ಲಿ ಕರಗಿಸಿ, ಗಟ್ಟಿ ಉಳಿದದ್ದನ್ನಷ್ಟೇ ಅಳೆಯುತ್ತಾರೆ. ಇದನ್ನು ಚೀಟಿಯ ಹಿಂದೆ ಬರೆಯದ ಮಗುವಿಗೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಕೆನಡಾದ ನ್ಯೂಫೌಂಡ್‌ಲೆಂಡಿನ ಹಳೆಯ ಎಡಿಯಾಕರನ್ (ಕೇಂಬ್ರಿಯನ್‌ಗಿಂತ ಸ್ವಲ್ಪ ಮೊದಲಿನ ಕಾಲದ) ಜೀವಿಗಳಿಗೆ ಹೀಗೆ ಸಿಕ್ಕ ವಯಸ್ಸು ಸುಮಾರು 57.4 ಕೋಟಿ.

ಬೂದಿಯೇ ಇಲ್ಲದ ಕಡೆ ಸುಣ್ಣದಕಲ್ಲಿನ ರಸಾಯನ ನೆರವಿಗೆ ಬರುತ್ತದೆ. ಒಂದೊಂದೇ ಪದರದಲ್ಲಿ ಕಾರ್ಬನ್-13 ಮತ್ತು 12ರ ಪ್ರಮಾಣ ನೋಡಿ ಗೆರೆ ಎಳೆದರೆ ಏರಿಳಿತ ಕಾಣುತ್ತದೆ. ಓಮನ್‌ನಲ್ಲಿ ಗುರುತಿಸಿದ ‘ಶುರಮ್’ ಎಂಬ ದೊಡ್ಡ ಇಳಿತ ಚೀನಾ, ಆಸ್ಟ್ರೇಲಿಯಾಗಳಲ್ಲೂ ಇದೆ. ಆದರೆ ಗೆರೆಯ ಆಕಾರವೊಂದನ್ನೇ ನಂಬಿ ಹೊಂದಿಸಬೇಡಿ. ನಂತರ ಇಳಿದ ನೀರು ಕಲ್ಲಿನ ಲೆಕ್ಕವನ್ನೇ ಬದಲಿಸಿರಬಹುದು, ಒಂದು ಇಳಿತ ಇನ್ನೊಂದರಂತೆ ಕಾಣಲೂಬಹುದು. ಎಲ್ಲಾದರೂ ಒಂದು ಕಡೆ ಅಳೆದ ವಯಸ್ಸು ಆಧಾರವಾಗಿ ಇರಲೇಬೇಕು.

ಆನ್‌ಲೈನಿನಲ್ಲಿ ಸಿಗುವ ರಾಳದ ‘ಪಳೆಯುಳಿಕೆ’ ಅಂಟಿಸಬೇಡಿ, ಕೈಯಾರೆ ಚಿತ್ರ ಬರೆಯಿರಿ.

ಡಿಕಿನ್ಸೋನಿಯಾ ಎಂಬ ಚಪ್ಪಟೆ ಎಡಿಯಾಕರನ್ ಪ್ರಾಣಿಯ ಚೀಟಿಯನ್ನು ರಷ್ಯಾದ ಶ್ವೇತಸಮುದ್ರದ ಹೆಸರಿನಲ್ಲಿ 55.8ನೇ ಸೆಂ.ಮೀ.ಗೆ ಸಿಕ್ಕಿಸಿ. ಅದರಲ್ಲಿ ಪ್ರಾಣಿಗಳ ಕೊಲೆಸ್ಟರಾಲ್‌ನ ಕುರುಹು ಸಿಕ್ಕಿದ್ದು 2018ರಲ್ಲಿ. ಮಧ್ಯಪ್ರದೇಶದ ಭೀಮಬೇಟ್ಕಾ ಎಂದು ಮಾತ್ರ ಬರೆಯಬೇಡಿ. ಅಲ್ಲಿನ ಗುಹೆಯ ಚಾವಣಿಯಲ್ಲಿ ಡಿಕಿನ್ಸೋನಿಯಾ ಇದೆ ಎಂದು 2021ರಲ್ಲಿ ಪ್ರಕಟವಾಗಿತ್ತು. ಮತ್ತೆ ಹೋಗಿ ನೋಡಿದವರಿಗೆ ಕಂಡದ್ದು ಬಂಡೆಯಿಂದ ಸುಲಿದು ಬರುತ್ತಿದ್ದ ಜೇನುಗೂಡಿನ ಕಲೆ.