ಒಂದು ಸರ್ವರ್‌ನ ಜಾಬ್‌ಗಳನ್ನಷ್ಟೇ ಆಟೋಸಿಸ್‌ನಿಂದ ಹೆಕ್ಕಿ ತೆಗೆಯುವುದು: ನನ್ನ ಅನುಭವ

"ಶನಿವಾರ ರಾತ್ರಿ ಪ್ಯಾಚಿಂಗ್ ಇದೆ, ಈ ಸರ್ವರ್‌ನಲ್ಲಿ ಯಾವ್ಯಾವ ಜಾಬ್ ಓಡುತ್ತವೆ, ಪಟ್ಟಿ ಕಳಿಸಿ." ಪ್ರೊಡಕ್ಷನ್ ಸಪೋರ್ಟ್‌ನಲ್ಲಿ ಇರುವವರಿಗೆ ಈ ಮೇಲ್ ಹೊಸದಲ್ಲ. ಪ್ಯಾಚಿಂಗ್ ಅಂದರೆ ಸರ್ವರ್‌ಗೆ ಅಪ್‌ಡೇಟ್ ಹಾಕುವುದು. ಜಾಬ್‌ಗಳನ್ನು, ಅಂದರೆ ತಾನಾಗಿ ಓಡಬೇಕಾದ ಪ್ರೋಗ್ರಾಂಗಳನ್ನು, ಹೊತ್ತಿಗೆ ಸರಿಯಾಗಿ ಓಡಿಸುವ ಸಾಫ್ಟ್‌ವೇರ್ ಆಟೋಸಿಸ್. ಆದರೆ ಅದರ ವರದಿ ಕಮಾಂಡ್ ಆಟೋರೆಪ್ ಅನ್ನು ಸುಮ್ನೆ ಓಡಿಸಿದರೆ ಜಾಬ್ ಹೆಸರು, ಶುರುವಾದ ಮತ್ತು ಮುಗಿದ ಹೊತ್ತು, ಸ್ಟೇಟಸ್, ಇಂಥವೇ ಬರುತ್ತವೆ. ಮೆಷಿನ್ ಹೆಸರಿನ ಕಾಲಂ ಇರಲ್ಲ. ಅದು ಬೇಕಿದ್ದರೆ ಮೈನಸ್ ಕ್ಯೂ ಕೊಟ್ಟು ಜಿಲ್ ಡೆಫಿನಿಷನ್, ಅಂದರೆ ಜಾಬ್‌ನ ಪೂರ್ತಿ ವಿವರ, ತೆಗೆಯಬೇಕು. ನಾನು ಎಲ್ಲ ಜಾಬ್‌ಗಳ ಜಿಲ್ ಅನ್ನು ಒಂದೇ ಸಲ ಫೈಲ್‌ಗೆ ಇಳಿಸಿಕೊಂಡು, ಆಮೇಲಿನ ಕೆಲಸವನ್ನೆಲ್ಲ ಆ ಫೈಲ್ ಮೇಲೇ ಮಾಡುತ್ತೇನೆ. ಪ್ರತಿ ಸಲ ಡೇಟಾಬೇಸ್ ಕೆದಕುವುದು ಯಾಕೆ ಅಲ್ವಾ?

ಮೊದಲು ಎಲ್ಲರ ಕೈ ಹೋಗುವುದು ಫೈಲ್‌ನಲ್ಲಿ ಪದ ಹುಡುಕುವ ಕಮಾಂಡ್ ಗ್ರೆಪ್‌ಗೆ. ಅದರಲ್ಲಿ ತೊಂದರೆ ಜಾಸ್ತಿ. ಆ್ಯಪ್1 ಅಂತ ಹುಡುಕಿದರೆ ಆ್ಯಪ್10, ಆ್ಯಪ್11 ಕೂಡ ಬರುತ್ತವೆ, ಬೇರೆಲ್ಲೋ ಓಡುವ ಜಾಬ್‌ನ ಕಮಾಂಡ್‌ನಲ್ಲಿ ಫೈಲ್ ಕಳಿಸುವ ಎಸ್‌ಸಿಪಿಗೆ ಆ ಸರ್ವರ್ ಹೆಸರು ಬರೆದಿದ್ದರೆ ಅದೂ ಬಂದು ಕೂರುತ್ತದೆ, ಇಷ್ಟಾಗಿಯೂ ಸಿಗುವುದು ಮೆಷಿನ್ ಸಾಲು ಮಾತ್ರ, ಜಾಬ್ ಹೆಸರು ಮೇಲೆಲ್ಲೋ ಉಳಿದಿರುತ್ತದೆ. ಎಷ್ಟು ಸಾಲು ಮೇಲೆ ಅನ್ನುವುದು ಒಂದೊಂದು ಜಾಬ್‌ಗೆ ಒಂದೊಂದು ಥರ.

ಹಾಗಾಗಿ ಸಾಲನ್ನು ಪದಗಳಾಗಿ ಒಡೆದು ನೋಡುವ ಆಕ್ ಕಮಾಂಡ್. ಪ್ರತಿ ಜಾಬ್‌ನ ಡೆಫಿನಿಷನ್ ಶುರುವಾಗುವ ಇನ್ಸರ್ಟ್ ಜಾಬ್ ಸಾಲು ಬಂದಾಗ ಎರಡನೇ ಪದವನ್ನು, ಅಂದರೆ ಜಾಬ್ ಹೆಸರನ್ನು, ನೆನಪಿಟ್ಟುಕೊಳ್ಳುತ್ತದೆ. ಮುಂದೆ ಮೊದಲ ಪದ ಮೆಷಿನ್ ಆಗಿರುವ ಸಾಲು ಸಿಕ್ಕಾಗ ಎರಡನೇ ಪದ ನಮಗೆ ಬೇಕಾದ ಹೆಸರಿಗೆ ಸರಿಸಮ ಇದೆಯಾ ನೋಡುತ್ತದೆ, ಇದ್ದರೆ ನೆನಪಿನಲ್ಲಿದ್ದ ಜಾಬ್ ಹೆಸರನ್ನು ಪ್ರಿಂಟ್ ಮಾಡುತ್ತದೆ. ಬಾಕ್ಸ್ (ಹಲವು ಜಾಬ್‌ಗಳ ಗುಂಪು) ಒಳಗಿನ ಜಾಬ್‌ಗಳ ಸಾಲಿನ ಮುಂದೆ ಖಾಲಿ ಜಾಗ ಇರುತ್ತದೆ, ಆದರೆ ಆಕ್ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಕೊನೆಗೆ ಒಂದೇ ಹೆಸರು ಎರಡು ಸಲ ಬಾರದಂತೆ ಸಾರ್ಟ್ ಮೈನಸ್ ಯು. ಬಾಕ್ಸ್‌ಗೆ ಮೆಷಿನ್ ಸಾಲೇ ಇರಲ್ಲ, ಹಾಗಾಗಿ ಅದು ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ.

ಒಂದನ್ನು ಮಾತ್ರ ಮರೆಯಬಾರದು, ವರ್ಚುವಲ್ ಮೆಷಿನ್, ಅಂದರೆ ಆಟೋಸಿಸ್‌ನಲ್ಲಿ ಸರ್ವರ್‌ಗಳಿಗೆ ಕೊಟ್ಟ ಇನ್ನೊಂದು ಹೆಸರು. ಜಾಬ್‌ನಲ್ಲಿ ಬರೆದಿರುವುದು ವರ್ಚುವಲ್ ಹೆಸರು, ನಿಜವಾಗಿ ಓಡುವುದು ಅದರ ಕೆಳಗಿನ ಸರ್ವರ್‌ನಲ್ಲಿ. ಅದಕ್ಕೆ ಆಟೋರೆಪ್ ಮೈನಸ್ ಎಮ್ ಆಲ್ ಮೈನಸ್ ಕ್ಯೂ ಕೊಟ್ಟು, ನಮ್ಮ ಸರ್ವರ್ ಯಾವ ವರ್ಚುವಲ್ ಹೆಸರಿನಡಿ ಇದೆ ಅಂತ ಅದೇ ಥರದ ಆಕ್‌ನಿಂದ ತೆಗೆದು, ಆ ಹೆಸರಿಗೂ ಇನ್ನೊಂದು ಸಲ ಹುಡುಕುತ್ತೇನೆ.

ಪಟ್ಟಿ ಸಿಕ್ಕ ಮೇಲೆ ಲೂಪ್ ಹಾಕಿ ಪ್ರತಿ ಜಾಬ್‌ನ ಸ್ಟೇಟಸ್ ನೋಡುತ್ತೇನೆ. ಇಲ್ಲಿ ಕಾಲಂ ಎಣಿಸಿ ಕೂತರೆ ಎಡವಟ್ಟಾಗುತ್ತದೆ. ಓಡಿದ ಜಾಬ್‌ಗೆ ತಾರೀಕು, ಹೊತ್ತು ಅಂತ ಎರಡು ಪದ ಇರುತ್ತವೆ, ಒಮ್ಮೆಯೂ ಓಡದ್ದಕ್ಕೆ ಬರೀ ಗೆರೆ. ಅದಕ್ಕೇ ಜಾಬ್ ಓಡದಂತೆ ನಿಲ್ಲಿಸಿದ್ದನ್ನು ಹೇಳುವ ಓಐ (ಐಸ್), ಓಹೆಚ್ (ಹೋಲ್ಡ್) ಅನ್ನುವ ಗುರುತನ್ನೇ ನೇರ ಹುಡುಕುವುದು ವಾಸಿ. ಮೊದಲೇ ಐಸ್‌ನಲ್ಲೋ ಹೋಲ್ಡ್‌ನಲ್ಲೋ ಇರುವವನ್ನು ಬೇರೆ ಫೈಲ್‌ಗೆ ಸರಿಸುತ್ತೇನೆ, ಇಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಬಿಡುವಾಗ ಬೇರೆ ಟೀಮ್‌ನವರು ಬೇಕೆಂದೇ ನಿಲ್ಲಿಸಿದ ಜಾಬ್ ಕೂಡ ಓಡಿಬಿಡುತ್ತದೆ.

ಉಳಿದವಕ್ಕೆ ಪ್ಯಾಚಿಂಗ್ ದಿನ ನಾನು ಹೋಲ್ಡ್ ಹಾಕುತ್ತೇನೆ, ಐಸ್ ಅಲ್ಲ. ಐಸ್‌ಗೆ ಹಾಕಿದರೆ ಇದನ್ನು ಕಾಯುವ ಮುಂದಿನ ಜಾಬ್‌ಗಳು ಇದು ಮುಗಿದಂತೆಯೇ ತಿಳಿದು ಓಡುತ್ತವೆ. ಹೋಲ್ಡ್‌ನಲ್ಲಿದ್ದರೆ ಅವೂ ಕಾಯುತ್ತವೆ, ತೆಗೆದ ಮೇಲೆ ಷರತ್ತು ಆಗಲೇ ಪೂರೈಸಿದ್ದರೆ ಜಾಬ್ ತಕ್ಷಣ ಶುರುವಾಗುತ್ತದೆ. ಹಾಗಾಗಿ ಹೋಲ್ಡ್ ಬಿಡುವ ಮುಂಚೆ ಸರ್ವರ್‌ನಲ್ಲಿ ಏಜೆಂಟ್ (ಅಲ್ಲಿ ಜಾಬ್ ಓಡಿಸುವ ಆಟೋಸಿಸ್ ಪ್ರೋಗ್ರಾಂ) ಎದ್ದಿದೆಯಾ ಅಂತ ಆಟೋಪಿಂಗ್ ಕಮಾಂಡ್‌ನಲ್ಲಿ ನೋಡಿಕೊಳ್ಳುತ್ತೇನೆ.