ಬಿಸಿಲ ನಾಡಿನ ಮನೆಯಲ್ಲಿ ದೊಡ್ಡ ಅಕ್ವೇರಿಯಂಗೆ ಮುಚ್ಚಳ ಮಾಡುವ ವಿಧಾನ

ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಅಕ್ವೇರಿಯಂಗೆ ಸಿದ್ಧ ಮುಚ್ಚಳ ಅಂಗಡಿಯಲ್ಲಿ ದೊರೆಯುವುದು ಕಷ್ಟ. ದೊರೆತರೂ ಅದು ಸಾಮಾನ್ಯವಾಗಿ ಎಲ್ಲ ಕಡೆ ಮುಚ್ಚಿರುವ, ಒಳಗೆ ದೀಪವನ್ನು ಕೂರಿಸಿರುವ ಪ್ಲಾಸ್ಟಿಕ್ ಪೆಟ್ಟಿಗೆಯಾಗಿರುತ್ತದೆ. ನೀರಿನ ಶಾಖವನ್ನು ಹಿಡಿದಿಡಬೇಕಾದ ಚಳಿ ದೇಶಗಳಿಗೆ ಅದು ಸರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿ, ಕೊಪ್ಪಳದ ಮನೆಗಳಲ್ಲಿ ಮಾತ್ರ ಶಾಖ ಹೊರಹೋಗುವುದಕ್ಕೆ ದಾರಿ ಬೇಕು. ಆದ್ದರಿಂದ ಇಲ್ಲಿ ಹೇಳುತ್ತಿರುವುದು ಒಂದೇ ಜಾಗದಲ್ಲಿ ಕೂರುವ ಎರಡು ಜೊತೆ ಹಲಗೆಗಳ ಮುಚ್ಚಳದ ಬಗ್ಗೆ: ಬೇಸಿಗೆಗೆ ಜಾಲರಿಯ ಜೊತೆ, ಚಳಿಗಾಲಕ್ಕೆ ಶೀಟಿನ ಜೊತೆ.

ತೊಟ್ಟಿಯ ಮೇಲ್ಮೈಯಿಂದ ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಶಾಖ ಬೇಕು. ಅದರ ಬಹುಪಾಲು ಉಳಿದ ನೀರಿನಿಂದಲೇ ಬರುವುದರಿಂದ 500 ಲೀಟರ್ ನೀರಿರುವ ತೊಟ್ಟಿಯು ಅಷ್ಟರಿಂದಲೇ ಸುಮಾರು ಒಂದು ಡಿಗ್ರಿಯಷ್ಟು ತಣಿಯಬಲ್ಲದು. ಮನೆಯ ಕೂಲರ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ, ಮತ್ತು ಕರಾವಳಿಯಲ್ಲಿ ಹೆಚ್ಚು ಪ್ರಯೋಜನಕ್ಕೆ ಬಾರದ ಕೂಲರ್ ನಮ್ಮಲ್ಲಿ ನಡೆಯುವಂತೆ ಮಾಡುವ ಒಣ ಗಾಳಿಯೇ ತೊಟ್ಟಿಗೂ ನೆರವಾಗುತ್ತದೆ. ತೊಟ್ಟಿಯನ್ನು ಗಾಜಿನಿಂದ ಪೂರ್ತಿ ಮುಚ್ಚಿದರೆ ಈ ತಂಪು ನಿಂತುಹೋಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಇರಬಹುದಾದದ್ದು 32 ಡಿಗ್ರಿಯಲ್ಲಿ ಸುಮಾರು 7.3ಕ್ಕೆ ಇಳಿಯುತ್ತದೆ, ಆದರೆ ಮೀನಿನ ಉಸಿರಾಟದ ಅಗತ್ಯ ಅದೇ ಹೊತ್ತಿಗೆ ಏರಿರುತ್ತದೆ.

ಹಾಗೆಂದು ತೊಟ್ಟಿಯನ್ನು ತೆರೆದಿಡುವಂತೆಯೂ ಇಲ್ಲ. ಮೀನು ಹೊರಕ್ಕೆ ಹಾರುತ್ತದೆ, ಗೋಡೆಯ ಹಲ್ಲಿ ಒಳಕ್ಕೆ ಬೀಳುತ್ತದೆ. ಸಂಡೂರು ಕಡೆಯ ಅದಿರು ಲಾರಿಗಳ ರಸ್ತೆಗೆ ಹತ್ತಿರವಿರುವ ಮನೆಯಾದರೆ ಕೆಂಪು ಧೂಳು, ಗಂಗಾವತಿ ಅಥವಾ ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಆಸುಪಾಸಿನ ಮನೆಯಾದರೆ ಹೊಟ್ಟಿನ ಬೂದಿ ನೀರಿನ ಮೇಲೆ ಪದರವಾಗಿ ನಿಲ್ಲುತ್ತದೆ. ಸೂಕ್ಷ್ಮ ಧೂಳನ್ನು ಜಾಲರಿ ಪೂರ್ತಿ ತಡೆಯಲಾರದು. ಅಂಥ ಮನೆಗಳಲ್ಲಿ ತೊಟ್ಟಿಯನ್ನು ಬೀದಿಯ ಕಿಟಕಿಯಿಂದ ದೂರ ಇಡುವುದೇ ಮುಚ್ಚಳಕ್ಕಿಂತ ಒಳ್ಳೆಯ ಉಪಾಯ.

ಅಳತೆಯನ್ನು ತೊಟ್ಟಿಯ ಒಳ ಅಂಚಿನಿಂದ ತೆಗೆದುಕೊಳ್ಳಬೇಕು. ಸ್ಥಳೀಯವಾಗಿ ಅಂಟಿಸಿ ಮಾಡಿದ ತೊಟ್ಟಿಗಳ ಮೂಲೆಗಳು ಎಷ್ಟೋ ಸಲ ಕರಾರುವಾಕ್ಕಾಗಿರುವುದಿಲ್ಲವಾದ್ದರಿಂದ ಅಗಲವನ್ನು ಎರಡೂ ತುದಿಗಳಲ್ಲಿ ಮತ್ತು ನಡುವೆ ಬೇರೆಬೇರೆಯಾಗಿ ಅಳೆದು, ಅತಿ ಚಿಕ್ಕ ಅಳತೆಯನ್ನು ಹಿಡಿದು, ಪ್ರತಿ ಬದಿಗೆ 2ರಿಂದ 3 ಮಿಲಿಮೀಟರ್ ಸಡಿಲು ಬಿಡಬೇಕು. ಇಷ್ಟು ದೊಡ್ಡ ತೊಟ್ಟಿಗೆ ಮೇಲ್ಭಾಗದ ನಡುವೆ ಗಾಜಿನ ಅಡ್ಡಪಟ್ಟಿ ಇರುವುದು ವಾಡಿಕೆ, ನೀರಿನ ಒತ್ತಡಕ್ಕೆ ಮುಂದಿನ ಗಾಜು ಉಬ್ಬದಂತೆ ತಡೆಯುವುದು ಅದೇ; ಮುಚ್ಚಳಕ್ಕೆ ಅಡ್ಡಿಯಾಗುತ್ತದೆಂದು ಅದನ್ನು ಎಂದಿಗೂ ತೆಗೆಯಬಾರದು. ಮುಚ್ಚಳವನ್ನೇ ಆ ಪಟ್ಟಿಯ ಎಡಕ್ಕೆ ಒಂದು, ಬಲಕ್ಕೆ ಒಂದು ಎಂದು ಎರಡು ಭಾಗವಾಗಿ ಯೋಜಿಸಬೇಕು.

ಅಡ್ಡಪಟ್ಟಿಯು ತೊಟ್ಟಿಯ ಬಾಯಿಗಿಂತ ಒಂದು ಇಂಚು ಕೆಳಗಿದ್ದರೆ ಹಲಗೆಗಳ ಒಂದು ತುದಿ ಅದರ ಮೇಲೆಯೇ ಕೂರುತ್ತದೆ, ಇನ್ನೊಂದು ತುದಿಗೆ ಪಕ್ಕದ ಗಾಜಿನ ಒಳಗೆ ಅದೇ ಮಟ್ಟದಲ್ಲಿ ಒಂದು ಇಂಚು ಅಗಲದ, 6 ಮಿಲಿಮೀಟರ್ ದಪ್ಪದ ಗಾಜಿನ ಪಟ್ಟಿಯನ್ನು ಅಂಟಿಸಿದರೆ ಸಾಕು. ಅಡ್ಡಪಟ್ಟಿ ಬಾಯಿಯ ಮಟ್ಟದಲ್ಲೇ ಇದ್ದರೆ ಅದರ ಅಡಿಗೆ ಅಗಲವಾದ ಇನ್ನೊಂದು ಪಟ್ಟಿಯನ್ನು, ಎರಡೂ ಬದಿಗೆ 15 ಮಿಲಿಮೀಟರ್ ಚಾಚಿಕೊಳ್ಳುವಂತೆ ಅಂಟಿಸಬೇಕು. ಆಧಾರವೆಲ್ಲ ತೊಟ್ಟಿಯ ಒಳಗೇ ಇರಬೇಕೆಂಬುದು ಈ ಕೆಲಸದ ಮುಖ್ಯ ನಿಯಮ. ಮುಚ್ಚಳದ ಅಂಚು ಗಾಜಿನ ಹೊರಕ್ಕೆ ಇಳಿದರೆ ಅಡಿಯಲ್ಲಿ ಆವಿ ತಣಿದು ಕಟ್ಟಿದ ಹನಿಗಳು ಆ ಅಂಚಿನ ಮೂಲಕ ಹೊರಗೆ ಜಿನುಗಿ, ಅರ್ಧ ಟನ್ನಿಗೂ ಹೆಚ್ಚು ಭಾರ ಹೊತ್ತಿರುವ ಸ್ಟ್ಯಾಂಡಿನ ಪ್ಲೈವುಡ್ಡನ್ನು ಕೊಳೆಸುತ್ತವೆ, ಅಥವಾ ಕಬ್ಬಿಣದ ಸ್ಟ್ಯಾಂಡಿಗೆ ತುಕ್ಕು ಹಿಡಿಸುತ್ತವೆ.

ಪಟ್ಟಿ ಅಂಟಿಸಲು ಒಣಗುವಾಗ ವಿನೆಗರ್ ವಾಸನೆ ಬರುವ ಸಾದಾ ಸಿಲಿಕೋನ್ ಬೇಕು. ಬಾತ್‌ರೂಮಿಗೆಂದು ಶಿಲೀಂಧ್ರನಾಶಕ ಬೆರೆಸಿದ್ದು ಮೀನಿಗೆ ವಿಷ. ನೀರನ್ನು ಒಂದು ಗೇಣಿನಷ್ಟು ಕೆಳಗಿಳಿಸಿ, ಗಾಜನ್ನು ಸ್ಪಿರಿಟ್‌ನಿಂದ ಒರೆಸಿ, ಚೆನ್ನಾಗಿ ಆರಿದ ಮೇಲೆ ಅಂಟಿಸಿ, ಟೇಪಿನಿಂದ ಹಿಡಿದಿಡಬೇಕು. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವಾಂಶದಿಂದ. ಬೇಸಿಗೆಯ ಒಣ ಹವೆಯಲ್ಲಿ ಅದು ಬೇಗ ಗಟ್ಟಿಯಾಗುತ್ತದೆ ಎಂದುಕೊಳ್ಳುವುದು ಸಹಜ, ಆದರೆ ನಿಜದಲ್ಲಿ ನಿಧಾನವಾಗುತ್ತದೆ. ಮೂರು ದಿನ ಬಿಟ್ಟು ಭಾರ ಹೇರುವುದು ಒಳ್ಳೆಯದು.

ಬೇಸಿಗೆಯ ಜೊತೆ ಹಲಗೆಗಳ ಚೌಕಟ್ಟಿಗೆ, ಕಿಟಕಿಗಳ ಸೊಳ್ಳೆ ಜಾಲರಿಗೆ ಬಳಸುವ ಅಲ್ಯೂಮಿನಿಯಂ ಸೆಕ್ಷನ್ ಅತ್ಯುತ್ತಮ. ಕಿಟಕಿ, ಪಾರ್ಟಿಷನ್ ಮಾಡುವ ಫ್ಯಾಬ್ರಿಕೇಶನ್ ಅಂಗಡಿಗಳಲ್ಲಿ ಅದನ್ನು ಅಳತೆಗೆ ಕತ್ತರಿಸಿಕೊಡುತ್ತಾರೆ. ಪೌಡರ್ ಕೋಟಿಂಗ್ ಇರುವುದನ್ನೇ ಕೇಳಿ ಪಡೆಯಬೇಕು. ಚೌಕಟ್ಟಿನ ಮೇಲೆ ಫೈಬರ್ ಗ್ಲಾಸ್ ಅಥವಾ ನೈಲಾನ್ ಜಾಲರಿಯನ್ನು ಹರಡಿ, ಸೆಕ್ಷನ್ನಿನ ತೋಡಿನೊಳಗೆ ರಬ್ಬರ್ ಬೀಡಿಂಗನ್ನು ಒತ್ತುತ್ತಾ ಹೋದರೆ ಅದು ತಾನಾಗಿಯೇ ಬಿಗಿಯಾಗುತ್ತದೆ. ಮೊದಲೇ ಎಳೆದು ಹಿಡಿದರೆ ಚೌಕಟ್ಟಿನ ಉದ್ದದ ಬದಿಗಳು ಒಳಕ್ಕೆ ಬಾಗುತ್ತವೆ. ಅಗ್ಗವೆಂದು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಜಾಲರಿ ಹಾಕಬಾರದು. ಅದರ ಸತು ಹನಿಗಳ ಮೂಲಕ ನೀರಿಗಿಳಿದು ಮೀನಿಗೆ ಹಾನಿ ಮಾಡುತ್ತದೆ. ತಾಮ್ರ, ಹಿತ್ತಾಳೆಯ ಬಿಜಾಗರಿಗಳಿಗೂ ಇದೇ ಮಾತು, ಸಿಗಡಿ ಮತ್ತು ಬಸವನಹುಳು ಸಾಕುವವರಿಗಂತೂ ತಾಮ್ರ ಪೂರ್ತಿ ನಿಷಿದ್ಧ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ.

ಚಳಿಗಾಲದ ಜೊತೆ ಹಲಗೆಗಳಿಗೆ ಗಾಜು, ಅಕ್ರಿಲಿಕ್, ಪಾಲಿಕಾರ್ಬೊನೇಟ್ ಎಂಬ ಮೂರು ಆಯ್ಕೆಗಳಿವೆ. 5 ಮಿಲಿಮೀಟರ್ ಗಾಜು ಚದರ ಮೀಟರಿಗೆ 12.5 ಕಿಲೋ ತೂಗುವುದರಿಂದ ನಡುವಿನ ಅಡ್ಡಪಟ್ಟಿಗೂ ಮುಂದೆ ಹೇಳುವ ಹಿಂಬದಿಯ ಪಟ್ಟಿಗೂ ಜಾಗ ಬಿಟ್ಟು ಉಳಿಯುವ 67 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ಒಂದು ಹಲಗೆಯೇ ಮೂರೂಮುಕ್ಕಾಲು ಕಿಲೋ ಆಗುತ್ತದೆ. ಒದ್ದೆ ಕೈಯಲ್ಲಿ ದಿನವೂ ಎತ್ತಿ ಇಳಿಸುವ ವಸ್ತು ಅದಲ್ಲ. ಅಕ್ರಿಲಿಕ್ ನೋಡಲು ಚೆಂದ, ಆದರೆ ಅಡಿಯಿಂದ ತೇವ ಹೀರಿ, ಮೇಲಿನಿಂದ ದೀಪದ ಬಿಸಿಗೆ ಒಣಗಿ, ಕೆಲವೇ ವಾರಗಳಲ್ಲಿ ಬಾಗುತ್ತದೆ. ಶೆಡ್ಡುಗಳಿಗೆ ಹಾಕುವ 6 ಮಿಲಿಮೀಟರ್ ದಪ್ಪದ, ಒಳಗೆ ಟೊಳ್ಳಿರುವ ಪಾಲಿಕಾರ್ಬೊನೇಟ್ ಶೀಟಿನಲ್ಲಿ ಅದೇ ಹಲಗೆ ಸುಮಾರು 400 ಗ್ರಾಂ ಮಾತ್ರ. ನನ್ನ ಮತ ಇದಕ್ಕೇ. ಟೊಳ್ಳಿನ ತುದಿಗಳನ್ನು ಟೇಪಿನಿಂದ ಮುಚ್ಚದಿದ್ದರೆ ಪಾಚಿಯೂ ಇರುವೆಯೂ ಸೇರಿಕೊಳ್ಳುತ್ತವೆ ಎಂಬುದೊಂದೇ ಅದರ ಕಿರಿಕಿರಿ.

ತೊಟ್ಟಿಯ ಬಾಯಿಯ ಹಿಂಬದಿಗೆ ಐದು ಇಂಚು ಅಗಲದ ಒಂದು ಪಟ್ಟಿಯನ್ನು ಎರಡೂ ಜೊತೆಗಳಿಂದ ಬೇರೆಯಾಗಿ, ಸದಾ ಅಲ್ಲೇ ಇರುವಂತೆ ಮಾಡಬೇಕು. ಅಡುಗೆಮನೆಯ ಕಪಾಟುಗಳಿಗೆ ಬಳಸುವ 12 ಮಿಲಿಮೀಟರ್ ಪಿವಿಸಿ ಫೋಮ್ ಬೋರ್ಡ್ ನೀರಿಗೆ ಉಬ್ಬುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಗರಗಸದಿಂದ ಸುಲಭವಾಗಿ ಕತ್ತರಿಸಬಹುದು. ಫಿಲ್ಟರಿನ ಪೈಪು, ಹೀಟರಿನ ವೈರು, ಗಾಳಿಯ ನಳಿಕೆ ಇವಕ್ಕೆ ಬೇಕಾದ ಕಿಂಡಿಗಳನ್ನು ಇದರ ಹಿಂದಿನ ಅಂಚಿನಲ್ಲಿ ಕೊರೆದು, ಉಳಿದ ಸಂದಿಗೆ ಫಿಲ್ಟರ್ ಸ್ಪಂಜು ತುರುಕಬೇಕು, ಏಕೆಂದರೆ ಮೀನು ಹಾರುವುದೂ ಹಲ್ಲಿ ನುಸುಳುವುದೂ ಹೆಚ್ಚಾಗಿ ಇಂಥ ಮರೆತ ಸಂದಿಗಳಿಂದಲೇ. ದೀಪವನ್ನು ಜಾಲರಿಯ ಮೇಲೆ ಮಲಗಿಸದೆ ಕಾಲು ಕೊಟ್ಟು ಅಡ್ಡಪಟ್ಟಿ ಮತ್ತು ಪಕ್ಕದ ಗಾಜಿನ ಮೇಲೆ ನಿಲ್ಲಿಸಬೇಕು; ಅದರ ಅಡಾಪ್ಟರ್ ತೊಟ್ಟಿಯ ಮೇಲೆ ಇರಲೇಕೂಡದು. ಪ್ರತಿ ವೈರೂ ಸಾಕೆಟ್ಟಿಗೆ ಏರುವ ಮೊದಲು ಅದಕ್ಕಿಂತ ಕೆಳಗೆ ಒಮ್ಮೆ ಇಳಿದು ಬಳುಕಿರಲಿ, ಆಗ ವೈರಿನ ಮೇಲೆ ಹರಿದು ಬಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ. ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನನ್ನು ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ನರಿಂದ ಹಾಕಿಸಿದ ಮೇಲೆಯೇ ಮುಂದುವರಿಯಬೇಕು.

ಅರೊವಾನಾ ಸಾಕಿದವರು ಮೇಲಿನ ಲೆಕ್ಕವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಕೀಟಗಳಿಗಾಗಿ ನೀರಿನಿಂದ ಮೇಲಕ್ಕೆ ಚಿಮ್ಮುವುದು ಅದರ ಹುಟ್ಟುಗುಣವಾಗಿದ್ದು, ಬೆಳೆದ ಮೀನಿಗೆ ಫೈಬರ್ ಜಾಲರಿಯಾಗಲಿ ಹಗುರ ಶೀಟಾಗಲಿ ಲೆಕ್ಕಕ್ಕಿಲ್ಲ. ಅಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ ಹಾಕಿ, ಪ್ರತಿ ಹಲಗೆಗೂ ಎರಡು ತಿರುಗುಣಿ ಚಿಲಕ ಕೊಡಬೇಕು. ಉಳಿದವರಿಗೆ ಎತ್ತಲು ಒಂದು ಹಿಡಿ, ಮುಂದಿನ ಮೂಲೆಯಲ್ಲಿ ಆಹಾರ ಹಾಕಲು ನಾಲ್ಕು ಇಂಚಿನ ಬಾಗಿಲು, ಇಷ್ಟೇ ಸಾಕು. ಯಾವ ಮೀನಾದರೂ ನೀರಿಗೂ ಹಲಗೆಗೂ ನಡುವೆ ನಾಲ್ಕೈದು ಸೆಂಟಿಮೀಟರ್ ಗಾಳಿ ಇರಬೇಕು. ಗೌರಾಮಿಯಂಥವು ಮೇಲೆ ಬಂದು ಉಸಿರೆಳೆಯುವುದೇ ಅಲ್ಲಿಂದ.

ಬೇಸಿಗೆಯ ನಡುವಿನಲ್ಲಿ ಜಾಲರಿಯೂ ಸಾಲದೆಂದು ಕಂಡರೆ 12 ವೋಲ್ಟಿನ ಕಂಪ್ಯೂಟರ್ ಫ್ಯಾನೊಂದನ್ನು ಹಿಂಬದಿಯ ಪಟ್ಟಿಗೆ ಕಿಂಡಿ ಕೊರೆದು, ನೀರಿನ ಮೇಲೆ ಓರೆಯಾಗಿ ಬೀಸುವಂತೆ ಕೂರಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆಗ ನೀರು ಬೇಗ ಕಡಿಮೆಯಾಗುವುದು ನಿಶ್ಚಿತ. ಆವಿಯಾಗುವುದು ನೀರು ಮಾತ್ರ, ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ, ಆದ್ದರಿಂದ ಕಡಿಮೆಯಾದಷ್ಟನ್ನು ಗಡಸು ಬೋರ್‌ವೆಲ್ ನೀರಿನಿಂದ ತುಂಬುತ್ತಾ ಹೋದರೆ ಗಡಸುತನ ಏರುತ್ತಲೇ ಹೋಗುತ್ತದೆ. ಈ ತುಂಬುವಿಕೆಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರೇ ಲೇಸು, ವಾರದ ನೀರು ಬದಲಾವಣೆಗೆ ಮಾತ್ರ ಎಂದಿನ ನೀರು ಸಾಕು.

ಡಿಸೆಂಬರಿನ ರಾತ್ರಿಗಳು ತಣ್ಣಗಾದಾಗ ಶೀಟಿನ ಜೊತೆಯನ್ನು ಇಡಬೇಕು, ಫೆಬ್ರವರಿ ಮುಗಿಯುವ ಹೊತ್ತಿಗೆ ತೆಗೆಯಬೇಕು. ಶೀಟು ಹಾಕಿರುವಾಗ ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ ಒಂದು ಹಲಗೆಯನ್ನು ಸರಿಸಿಡಬೇಕು. ಹಲಗೆಗಳ ಅಡಿಯಲ್ಲಿ ಕಟ್ಟುವ ಬಿಳಿ ಪೊರೆಯು ನಿಂಬೆರಸ ಅಥವಾ ವಿನೆಗರ್ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಕರಗುತ್ತದೆ. ತೊಳೆಯುವ ಕೆಲಸ ತೊಟ್ಟಿಯಿಂದ ದೂರ, ನಲ್ಲಿಯ ಕೆಳಗೆ ನಡೆಯಲಿ, ಸೋಪು ಮಾತ್ರ ಬೇಡ.