ಫ್ರೆಂಚ್ ಪ್ರವಾಸದ ಬ್ರೋಷರನ್ನು ಇಂಗ್ಲಿಷಿಗೆ ತರುವುದು ಹೇಗೆ?

ಫ್ರೆಂಚ್ ಕಲಿತು ಮನೆಯಿಂದಲೇ ಅನುವಾದ ಮಾಡುವವರಿಗೆ ಪ್ರವಾಸದ ಬ್ರೋಷರು, ಹೋಟೆಲ್ ವೆಬ್‌ಸೈಟುಗಳ ಕೆಲಸ ಆಗಾಗ ಸಿಗುತ್ತದೆ. ನೋಡೋಕೆ ಸುಲಭ. ಅನುವಾದದಲ್ಲಿ ವ್ಯಾಕರಣ ಸರಿ ಇರುತ್ತದೆ, ಒಂದು ಪದವೂ ಬಿಟ್ಟುಹೋಗಿರುವುದಿಲ್ಲ, ಆದರೆ ಅದನ್ನು ಓದಿದ ಇಂಗ್ಲಿಷಿನವರಿಗೆ ಆ ಊರಿಗೆ ಹೋಗಬೇಕು ಅಂತ ಮಾತ್ರ ಅನ್ನಿಸುವುದಿಲ್ಲ. ಇಂಥ ಪುಟಗಳನ್ನು ತಿದ್ದಿ ತಿದ್ದಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪೂರ್ತಿ ಓದಿ, ಓದುಗರು ಬ್ರಿಟನ್ನಿನವರೋ ಅಮೆರಿಕದವರೋ ಕೇಳಿಕೊಳ್ಳಿ. ಫ್ರೆಂಚರ ‘ಪ್ರಮಿಯೇ ಎತಾಜ್’ ಬ್ರಿಟಿಷರಿಗೆ ಫಸ್ಟ್ ಫ್ಲೋರ್, ಅಮೆರಿಕದವರಿಗೆ ಸೆಕೆಂಡ್ ಫ್ಲೋರ್.

ಎರಡನೆಯದು, ಇಂಗ್ಲಿಷಿನಂತೆ ಕಾಣುವ ಪದಗಳಿಗೆ ಗುರುತು ಹಾಕಿ. ‘ಅನಿಮಾಸಿಯೋಂ’ ಅಂದರೆ ಸಂಜೆಯ ಹಾಡು, ಆಟ, ಮಕ್ಕಳ ಕಾರ್ಯಕ್ರಮ. ‘ಸ್ತಾಸಿಯೋಂ ಬಾಲ್ನೇಯೇರ್’ ಅಂದರೆ ಸೀಸೈಡ್ ರೆಸಾರ್ಟ್. ‘ಓತೆಲ್ ದ ವೀಲ್’ ಅಂದರೆ ಟೌನ್ ಹಾಲ್.

ಮೂರನೆಯದು ಅಡ್ಡಹೆಸರು. ಒಂದೇ ಹೆಸರನ್ನು ಎರಡು ಸಲ ಬರೆಯುವುದು ಫ್ರೆಂಚರಿಗೆ ಇಷ್ಟವಿಲ್ಲ. ಮೊದಲ ಸಾಲಿನಲ್ಲಿ ಮಾರ್ಸೆ ಎಂದವರು ಎರಡನೆಯದರಲ್ಲಿ ‘ಲಾ ಸಿತೆ ಫೊಸೆಯೆನ್’, ಅಂದರೆ ಫೋಕಿಯಾದವರ ನಗರ, ಅನ್ನುತ್ತಾರೆ, ಏಕೆಂದರೆ ಕ್ರಿ.ಪೂ. 600ರ ಸುಮಾರಿಗೆ ಆ ಊರು ಕಟ್ಟಿದವರು ಫೋಕಿಯಾದ ಗ್ರೀಕರು. ತುಲೂಸ್ ‘ಗುಲಾಬಿ ನಗರ’, ಕಾರ್ಸಿಕಾ ‘ಸೌಂದರ್ಯದ ದ್ವೀಪ’. ನಮ್ಮ ಪತ್ರಿಕೆಗಳು ಬೆಳಗಾವಿಯನ್ನು ಕುಂದಾನಗರಿ ಅಂತ, ದಾವಣಗೆರೆಯನ್ನು ಬೆಣ್ಣೆನಗರಿ ಅಂತ ಬರೆಯುತ್ತವಲ್ಲ, ಅದೇ ರೂಢಿ. ಆದರೆ ಹೊರಗಿನವರು ಇದನ್ನು ಬೇರೆ ಊರು ಅಂದುಕೊಳ್ಳುತ್ತಾರೆ. ಊರಿನ ಹೆಸರನ್ನೇ ವಾಪಸ್ ಹಾಕಿ. ಫ್ರೆಂಚರು ಪೆರಿಗೋರ್ ಎಂದು ಕರೆಯುವ ಪ್ರದೇಶವೂ ಬ್ರಿಟಿಷರಿಗೆ ಹೆಚ್ಚಾಗಿ ಗೊತ್ತಿರುವುದು ದೋರ್ದೋನ್ ಹೆಸರಿನಲ್ಲಿ. ‘ಲೆ ಪ್ಲೂ ಬೋ ವಿಲಾಜ್ ದ ಫ್ರಾನ್ಸ್’, ಅಂದರೆ ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು, ಕಂಡರೆ ಮಾತ್ರ ಹುಷಾರು. ಅದು ಹೊಗಳಿಕೆ ಅಲ್ಲ, 1982ರಲ್ಲಿ ಶುರುವಾದ ಸಂಘ ಕೊಡುವ ಮಾನ್ಯತೆ. ಊರಿನ ಜನಸಂಖ್ಯೆ 2,000 ಮೀರಬಾರದು ಎಂಬ ನಿಯಮವೂ ಇದೆ. ಫ್ರೆಂಚ್ ಹೆಸರನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಅರ್ಧ ಸಾಲು ವಿವರಣೆ ಕೊಡಿ.

ಈಗ ಬರುವುದೇ ಎಲ್ಲರೂ ಎಡವುವ ಜಾಗ. ಕೊಲಿಯೂರ್ ಎಂಬ ಕಡಲೂರಿನ ಬಗ್ಗೆ ಇಂಥದೊಂದು ಸಾಲು ಬಂತು ಅಂದುಕೊಳ್ಳಿ: ಸಮುದ್ರ ಬೆಟ್ಟಗಳ ನಡುವೆ ಗೂಡು ಕಟ್ಟಿಕೊಂಡ ಈ ಊರು ತನ್ನ ಅಸಲಿತನದಿಂದ, ಬದುಕಿನ ಸೌಮ್ಯತೆಯಿಂದ ನಿಮ್ಮನ್ನು ಮರುಳು ಮಾಡುತ್ತದೆ. ಫ್ರೆಂಚ್ ಕಿವಿಗೆ ಇದು ಹಿತ. ಇಂಗ್ಲಿಷಿನಲ್ಲಿ ‘ಸೆಡ್ಯೂಸ್’, ‘ಆಥೆಂಟಿಸಿಟಿ’ ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಹಾಗಾಗಿ ಗುಣವಾಚಕಗಳನ್ನೆಲ್ಲ ತೆಗೆದು, ಅಲ್ಲಿ ನಿಜವಾಗಿ ಏನಿದೆ ಅಂತ ಕೇಳಿ. ಪಿರನೀಸ್ ಬೆಟ್ಟಗಳು ಅಲ್ಲಿ ಕಡಲಿಗೆ ಇಳಿಯುತ್ತವೆ, ನೀರಿನ ಅಂಚಿನಲ್ಲೇ ಕೋಟೆಯಿದೆ, ಉಪ್ಪು ಹಾಕಿದ ಆಂಚೊವಿ ಮೀನಿಗೆ ಊರು ಹೆಸರುವಾಸಿ, 1905ರ ಬೇಸಗೆಯಲ್ಲಿ ಮತೀಸ್ ಮತ್ತು ದೆರಾಂ ಅಲ್ಲಿ ಕೂತು ಚಿತ್ರ ಬರೆದರು. ‘ದ ಪಿರನೀಸ್ ರನ್ ಡೌನ್ ಟು ದ ಸೀ ಅಟ್ ಕೊಲಿಯೂರ್’ ಎಂದು ಶುರು ಮಾಡಿ, ಉಳಿದದ್ದನ್ನು ಹಿಂದೆ ಜೋಡಿಸಿ. ವಾಕ್ಯ ಚಿಕ್ಕದಾಗುತ್ತದೆ, ಊರು ಕಣ್ಣಿಗೆ ಕಾಣುತ್ತದೆ.

‘ಎಕ್ರಾಂ ದ ವೆರ್ದ್ಯೂರ್’, ಅಂದರೆ ಹಸಿರಿನ ಒಡವೆ ಪೆಟ್ಟಿಗೆ, ಎದುರಾದರೆ ನಕ್ಷೆ ತೆಗೆದು ನೋಡಿ. ಸುತ್ತ ಇರುವುದು ಕಾಡೋ, ದ್ರಾಕ್ಷಿ ತೋಟವೋ? ಇರುವುದನ್ನೇ ಬರೆಯಿರಿ. ‘ಎರಡು ಹೆಜ್ಜೆ ದೂರ’ ಎಂದಿದ್ದರೆ ನಡೆಯಲು ಎಷ್ಟು ನಿಮಿಷ ಅಂತ ಲೆಕ್ಕ ಹಾಕಿ ಹೇಳಿ. ‘ಸ್ಟೋನ್ಸ್ ಥ್ರೋ’, ‘ನೆಸಲ್ಡ್’, ‘ಹಿಡನ್ ಜೆಮ್’ ಈ ಮೂರನ್ನೂ ನಾನು ಯಾರ ಪುಟದಲ್ಲೂ ಉಳಿಸುವುದಿಲ್ಲ, ನೀವೂ ಉಳಿಸಬೇಡಿ. ಸಾಲು ಸಾಲಿಗೂ ‘ಡಿಸ್ಕವರ್’ ಬೇಡ. ಫ್ರೆಂಚರು ವಾಕ್ಯದ ಕೊನೆಗೆ ಬಿಡುವ ಮೂರು ಚುಕ್ಕಿಯನ್ನೂ ಅಳಿಸಿ.

ಯಂತ್ರಾನುವಾದ ಬಳಸಬಹುದಾ? ತೆರೆಯುವ ಸಮಯ, ದರದ ಪಟ್ಟಿಗೆ ಧಾರಾಳವಾಗಿ. ವರ್ಣನೆಗೆ ಬೇಡ್ವೇ ಬೇಡ. ಅದರ ವಾಕ್ಯಗಳು ನುಣ್ಣಗೆ ಇರುವುದರಿಂದ ತಿದ್ದಬೇಕು ಅಂತಲೇ ಅನ್ನಿಸುವುದಿಲ್ಲ, ಕೊನೆಗೆ ಫ್ರೆಂಚ್ ಮೈಕಟ್ಟು ಹಾಗೇ ಉಳಿದುಬಿಡುತ್ತದೆ.

ಅಂಕಿಗಳು ಒಂದೇ ನಿಮಿಷದ ಕೆಲಸ: 12,50 ಯೂರೋದ ಅಲ್ಪವಿರಾಮ ಚುಕ್ಕಿಯಾಗಬೇಕು. ಆಮೇಲೆ ಮೂಲವನ್ನು ಮುಚ್ಚಿಟ್ಟು ಇಂಗ್ಲಿಷನ್ನಷ್ಟೇ ಜೋರಾಗಿ ಓದಿ.

ಕಳಿಸುವಾಗ, ನೀವು ಸೇರಿಸಿದ ಪ್ರತಿ ವಿವರದ ಪಟ್ಟಿಯನ್ನೂ ಜೊತೆಗಿಡಿ. ಒಪ್ಪುವುದು ಬಿಡುವುದು ಗ್ರಾಹಕರ ಹಕ್ಕು, ಸುಮ್ನೆ ನೀವೇ ತೀರ್ಮಾನ ಮಾಡಬೇಡಿ. ‘ನಮ್ಮ ಸುಂದರ ಪದಗಳೆಲ್ಲ ಎಲ್ಲಿ ಹೋದವು?’ ಅಂತ ಅವರು ಕೇಳಿಯೇ ಕೇಳುತ್ತಾರೆ. ಅದೇ ಊರಿನ ಬಗ್ಗೆ ಯಾವುದಾದರೂ ಬ್ರಿಟಿಷ್ ಪ್ರವಾಸ ಕಂಪನಿ ಬರೆದ ಪುಟವನ್ನು ತೋರಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಲು ಹೇಳಿ.